ಬಾಣಲೆಯಿಂದ ಒಂದೇ ಹೊಡೆತ

ನನ್ನ ಬಂಕರಿನೊಳಗೆ ಒಬ್ಬ ಗಂಡಸು ಮಂಡಿಯೂರಿ ಕೂತು ಮರಳನ್ನು ಮೂಸಿ ನೋಡುತ್ತಿದ್ದ.

ಬೆಳ್ಳಂಬೆಳಗ್ಗೆ ಇಂಥದ್ದನ್ನು ಕಂಡರೆ ಯಾರಿಗಾದರೂ ನಗು ಬರಬೇಕು. ನನಗೆ ಬರಲಿಲ್ಲ. ಆ ಮನುಷ್ಯ ಇಳಿಯಬಾರದ ಕಡೆಯಿಂದ, ಗೋಡೆಯಂತೆ ನಿಂತ ಬದಿಯಿಂದಲೇ ಜಾರಿಕೊಂಡು ಇಳಿದಿದ್ದ. ಹಿಂದಿನ ಸಂಜೆ ನಾನು ಬೆನ್ನು ಬಗ್ಗಿಸಿ ಮಟ್ಟ ಮಾಡಿದ್ದ ಮರಳೆಲ್ಲ ಕುಸಿದು ಅವನ ಬೂಟಿನ ಸುತ್ತ ಗುಡ್ಡೆ ಬಿದ್ದಿತ್ತು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅದನ್ನೂ ದಾಟಿ ಬಂತು.

"ಏನ್ರೀ, ಏನಾದ್ರೂ ಕಳ್ಕೊಂಡ್ರಾ ಅಲ್ಲಿ?"

ಅವನು ತಲೆಯೆತ್ತಿದ. ಮೀಸೆಗೆ ಮರಳು ಅಂಟಿತ್ತು. "ಇಲ್ಲ. ಇದರಲ್ಲಿ ಏನಾದ್ರೂ ಬೆಳೆಯತ್ತಾ ಅಂತ ನೋಡ್ತಿದ್ದೆ."

"ಬೆಳೀಬಾರದು. ಇಲ್ಲಿ ಒಂದು ಹುಲ್ಲಿನ ಎಳೆ ಎದ್ರೂ ನನ್ನ ಮಾನ ಹೋಗತ್ತೆ."

"ಹೌದಾ, ಇದು ನಿಮ್ದಾ?" ಅಂದವನೇ, ಯಾರದೋ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದವನ ಹಾಗೆ ಗಡಬಡಿಸಿ ಎದ್ದ. ಆ ಪ್ರಶ್ನೆ ನನಗೆ ಹಿಡಿಸಿತು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಆದರೂ ಮುಖ ಸಡಿಲಿಸದೆ, ತುಳಿದದ್ದನ್ನೆಲ್ಲ ಸರಿ ಮಾಡಿ ಮೇಲೆ ಬರಲು ಹೇಳಿ ಮರಳು ಸಮ ಮಾಡುವ ರೇಕ್ ಕೆಳಗೆ ಕೊಟ್ಟೆ.

ಅವನು ರೇಕ್ ಎಳೆದ ಚೆಂದ ನೋಡಿ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹಲ್ಲುಗಳನ್ನು ಆಳಕ್ಕೆ ಇಳಿಸಿ, ಅಡಿಯ ಮರಳನ್ನೆಲ್ಲ ಮೇಲಕ್ಕೆ ತಂದು, ಕಲ್ಲುಚೂರು ಆರಿಸಿ ಬದಿಗಿಟ್ಟು, ಅಂಚಿಗೊಂದು ಪುಟ್ಟ ಬದು ಕಟ್ಟಿ, ಸಾಕ್ಷಾತ್ ಸಸಿಮಡಿಯನ್ನೇ ಮಾಡಿ ನಿಂತ. ಸಸಿಯೊಂದೇ ಬಾಕಿ. ಕೈಯಿಂದ ರೇಕ್ ಕಿತ್ತುಕೊಂಡು, ಅವನನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದೆ. ಅವನು ಕದಲದೆ ನೋಡುತ್ತಿದ್ದ. ಮರಳನ್ನಲ್ಲ, ನನ್ನನ್ನು.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಆಟಗಾರನ ಚೆಂಡನ್ನು ಬೇಕೆಂದೇ ಹಿಡಿದು ಕಾಡಲು ಮೈದಾನದಲ್ಲಿ ಅಲ್ಲಲ್ಲಿ ಮರಳಿನ ಹೊಂಡಗಳಿರುತ್ತವೆ. ಅವೇ ಬಂಕರ್. ಅವುಗಳನ್ನು ನೋಡಿಕೊಳ್ಳುವವಳು ನಾನು. ಹೊಂಡದ ತಳದಲ್ಲಿ ಮರಳು ದಪ್ಪಗೆ, ಗೋಡೆಗೆ ತೆಳ್ಳಗೆ ಇರಬೇಕು. ಅಡಿಯಲ್ಲಿ ಗಟ್ಟಿಯಾಗಿ ಕೂತಿರಬೇಕು, ಮೇಲೆ ಬೆರಳಷ್ಟು ಮಾತ್ರ ಸಡಿಲ. ಆಗ ಬಿದ್ದ ಚೆಂಡು ಹೂತುಹೋಗದೆ ಮೇಲೆ ಕೂರುತ್ತದೆ, ಆಡುವವನಿಗೆ ಕಷ್ಟವಾಗುತ್ತದೆ, ಆದರೆ ಅನ್ಯಾಯವಾಗುವುದಿಲ್ಲ. ಮಳೆ ಬಂದರೆ ಗೋಡೆಯ ಮರಳು ಜಾರಿ ತಳ ಸೇರುತ್ತದೆ. ಅದನ್ನು ಸಲಿಕೆಯಿಂದ ಮೇಲೆತ್ತಿ ಕಾಲಿಂದ ಒತ್ತಬೇಕು. ಎಲ್ಲ ಮುಗಿದ ಮೇಲೆ ನಾನು ಮರಳಿನಿಂದ ಚೆಂಡೆತ್ತಲೆಂದೇ ಇರುವ ಕೋಲು, ಹಳೆಯ ಸ್ಯಾಂಡ್ ವೆಜ್ ಹಿಡಿದು ಒಂದಷ್ಟು ಚೆಂಡು ಆಡಿ ನೋಡುತ್ತೇನೆ. ಮರಳು ಹೇಗಿದೆ ಎಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಹಾಗಾಗಿ ಹುಲ್ಲಿನ ಮೇಲಿಂದ ನೆಟ್ಟಗೆ ಒಂದು ಚೆಂಡು ಹೊಡೆಯಲು ಬಾರದ ನಾನು, ಮರಳಿನಿಂದ ಮಾತ್ರ ಎಲ್ಲಿ ಬೇಕೋ ಅಲ್ಲಿ ಇಳಿಸಬಲ್ಲೆ.

ಅವನು ಕೂತು ಮೂಸಿದ್ದು ನಮ್ಮಲ್ಲೆಲ್ಲ ದೊಡ್ಡ ಬಂಕರನ್ನು. ಕೊನೆಯ ಗ್ರೀನಿನ, ಅಂದರೆ ಚೆಂಡು ಬೀಳಿಸುವ ಕುಳಿಯಿರುವ ನುಣುಪು ಹುಲ್ಲುಹಾಸಿನ, ಪಕ್ಕದಲ್ಲಿದೆ, ಗೋಡೆ ನನ್ನ ತಲೆಗಿಂತ ಎತ್ತರ. ದುಂಡಗೆ, ಆಳವಾಗಿ ಇರುವುದರಿಂದ ಎಲ್ಲರೂ ಅದನ್ನು ಬಾಣಲೆ ಎನ್ನುತ್ತಾರೆ. ನನ್ನಪ್ಪ ಹುಡುಗನಾಗಿ ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಲಿಕೆ, ಗುದ್ದಲಿಯಲ್ಲೇ ತೋಡಿದ್ದು.

"ನೀವು ಯಾರು, ಇಲ್ಲೇನು ಕೆಲಸ?" ಎಂದು ಕೊನೆಗೆ ಕೇಳಿದೆ.

ಅವನ ಮುಖದ ನಗು ಮೆಲ್ಲಗೆ ಇಳಿಯಿತು. "ನನ್ನದು ನರ್ಸರಿ. ಹುಲ್ಲು ಬೆಳೆಸ್ತೀನಿ. ಇದನ್ನ ಮುಚ್ಚಿ ಹುಲ್ಲು ಹಾಸಿಕೊಡಿ ಅಂತ ನಿಮ್ಮ ಕ್ಲಬ್ಬಿನವರು ಕರೆದಿದ್ದಾರೆ. ನಿಮಗೆ ಹೇಳಿಲ್ವಾ?"

ನನಗೆ ಯಾರೂ ಹೇಳಿರಲಿಲ್ಲ.

ನೆಟ್ಟಗೆ ಹೋಗಿ ಕ್ಲಬ್ಬಿನ ಕ್ಯಾಪ್ಟನ್ ಎದುರು ನಿಂತೆ. ನಮ್ಮ ಕ್ಯಾಪ್ಟನ್ ಹಲ್ಲಿನ ಡಾಕ್ಟರು. ಊರಿನ ಹಲ್ಲೆಲ್ಲ ಸಲೀಸಾಗಿ ಕೀಳುವವರು, ಬಾಣಲೆಯಿಂದ ಒಂದು ಚೆಂಡು ಕೀಳಲಾರದೆ ಕಳೆದ ಪಂದ್ಯ ಸೋತಿದ್ದರು. ಅಲ್ಲಿಗೆ ಬಿದ್ದ ಚೆಂಡನ್ನು ಯಾರೂ ಹೊರತರಲಾರರು, ಸದಸ್ಯರೆಲ್ಲ ದೂರುತ್ತಿದ್ದಾರೆ, ಆಟ ಎಂದರೆ ಶಿಕ್ಷೆಯಲ್ಲ ಎಂದು ಸಮಾಧಾನವಾಗಿಯೇ ವಿವರಿಸಿದರು. ಯಾರೂ ತರಲಾರರು ಎನ್ನುವುದು ಸುಳ್ಳು, ನಾನು ದಿನಾ ತರುತ್ತೇನೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಎಲ್ಲರ ಮುಂದೆ ತೆಗೀತೀಯಾ?"

"ಒಂದೇ ಹೊಡೆತಕ್ಕೆ ತೆಗೀತೀನಿ ಸರ್."

ಬಾಯಿ ತಪ್ಪಿ ಬಂದ ಮಾತಲ್ಲ ಅದು, ಹೊಟ್ಟೆ ಉರಿದು ಬಂದದ್ದು. ಅಲ್ಲೇ ತೀರ್ಮಾನವಾಯಿತು. ವಾರ್ಷಿಕ ಪಂದ್ಯದ ದಿನ ಸದಸ್ಯರೆಲ್ಲರ ಎದುರು ಕ್ಯಾಪ್ಟನ್ ಒಂದು ಚೆಂಡನ್ನು ಬಾಣಲೆಗೆ ಎಸೆಯುತ್ತಾರೆ. ಒಂದೇ ಹೊಡೆತಕ್ಕೆ ಅದು ಗ್ರೀನ್ ಸೇರಿದರೆ ಬಾಣಲೆ ಉಳಿಯಿತು, ಇಲ್ಲದಿದ್ದರೆ ಮಾರನೇ ದಿನ ಮಣ್ಣು. ನನ್ನ ಅನುಕೂಲಕ್ಕೆ ಮರಳು ಹದ ಮಾಡಿಕೊಳ್ಳಬಾರದೆಂದು ಒಂದು ಷರತ್ತನ್ನೂ ಹಾಕಿದರು. ಆ ಬೆಳಗ್ಗೆ ನಾನಾಗಲಿ ನನ್ನ ಜೊತೆಯ ಕೆಲಸದವರಾಗಲಿ ಬಾಣಲೆಗೆ ಇಳಿಯುವಂತಿಲ್ಲ.

ಮನೆಯಲ್ಲಿ ವಿಷಯ ತಿಳಿದು ಸೋದರತ್ತೆ ನನ್ನ ನಾಲಿಗೆಗೆ ಕಡಿವಾಣ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ರಾಗ ತೆಗೆದರು. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಅವರ ಬೆನ್ನು ಆ ಮರಳಲ್ಲೇ ಬಾಗಿದ್ದು, ಈಗ ಕೋಲಿಲ್ಲದೆ ನಡೆಯಲಾರರು.

"ಮುಚ್ಚಿದ್ರೆ ಮುಚ್ಚಲಿ ಬಿಡಮ್ಮ," ಎಂದು ನನ್ನ ಕಡೆ ನೋಡಿದರು. "ನಾನೊಂದು ಗುಂಡಿ ತೋಡಿದ್ದೆ, ಅಷ್ಟೇ ತಾನೆ."

ಅಪ್ಪ ಜೀವಮಾನದಲ್ಲಿ ಮಾಡಿದ ದೊಡ್ಡ ಕೆಲಸ ಅದೊಂದೇ. ಅದನ್ನು ಅವರ ಬಾಯಲ್ಲೇ ಗುಂಡಿ ಅನ್ನಿಸಿಬಿಟ್ಟರಲ್ಲ ಎಂದು ನನಗೆ ಅಳು ಬಂತು. ಸೋಲುವ ಮಾತೇ ಇಲ್ಲ ಎಂದು ಆಗಲೇ ಗಟ್ಟಿ ಮಾಡಿಕೊಂಡೆ.

ಪಂದ್ಯಕ್ಕೆ ಇನ್ನೂ ಕೆಲವು ವಾರವಿತ್ತು. ನರ್ಸರಿಯವನು ಅಳತೆ ತೆಗೆದುಕೊಳ್ಳುವ ನೆಪದಲ್ಲಿ ಬರತೊಡಗಿದ. ಟೇಪು ಹಿಡಿದು ಗೋಡೆ ಅಳೆಯುತ್ತಾನೆ, ಮಾರನೇ ದಿನ ಬಂದು ಅದೇ ಗೋಡೆಯನ್ನು ಮತ್ತೆ ಅಳೆಯುತ್ತಾನೆ. ಕಂಡೂ ಕಾಣದ ಹಾಗೆ ನನ್ನ ಪಾಡಿಗೆ ನಾನು ಅಂಚಿನ ಹುಲ್ಲು ಕತ್ತರಿಸುತ್ತಿದ್ದೆ. ಕೊನೆಗೆ ತಡೆಯಲಾರದೆ ಗೋಡೆ ನಿನ್ನೆಯಿಂದ ಎಷ್ಟು ಬೆಳೆದಿದೆ ಎಂದು ಕೇಳಿದೆ. ಅವನು ಟೇಪನ್ನು ಗಂಭೀರವಾಗಿ ನೋಡಿ, ಗೋಡೆ ಅಷ್ಟೇ ಇದೆ, ಗೋಡೆಯ ಮೇಲೆ ನಿಂತವರ ಸಿಟ್ಟು ಮಾತ್ರ ಸ್ವಲ್ಪ ಇಳಿದಿದೆ ಎಂದ. ನಗಬಾರದೆಂದು ತುಟಿ ಕಚ್ಚಿಕೊಂಡೆ. ತುಟಿ ಕಚ್ಚಿಕೊಂಡದ್ದನ್ನೂ ಅವನು ನೋಡಿಬಿಟ್ಟ.

ಮುಚ್ಚಲು ಬಂದವನೊಡನೆ ನನಗೇನು ಮಾತು ಎಂದು ದಿನಾ ಬೆಳಗ್ಗೆ ಅಂದುಕೊಳ್ಳುತ್ತಿದ್ದೆ, ಹನ್ನೊಂದರ ಚಹಾದ ಹೊತ್ತಿಗೆ ಮರೆಯುತ್ತಿದ್ದೆ. ಅವನ ಫ್ಲಾಸ್ಕಿಗೆ ಇದ್ದದ್ದು ಒಂದೇ ಮುಚ್ಚಳ. ಮೊದಲು ನನಗೆ, ಆಮೇಲೆ ಅವನಿಗೆ. ಅವನು ಕುಡಿಯುವ ಮುನ್ನ ಮುಚ್ಚಳವನ್ನು ತಿರುಗಿಸಿ, ನನ್ನ ತುಟಿ ತಾಕಿದ ಕಡೆ ಹುಡುಕುತ್ತಿದ್ದಾನೇನೋ ಎಂಬ ಅನುಮಾನ ಒಂದು ದಿನ ಬಂತು. ಮಾರನೇ ದಿನ ಅನುಮಾನ ಉಳಿಯಲಿಲ್ಲ.

ತನ್ನ ಹುಲ್ಲಿನ ಬಗ್ಗೆ ಮಾತು ಬಂದರೆ ಅವನನ್ನು ತಡೆಯುವವರಿಲ್ಲ. ಯಾವ ತಳಿ ಬಿಸಿಲಿಗೆ ಮುನಿಯುತ್ತದೆ, ಯಾವುದು ನೆರಳಲ್ಲೂ ನಗುತ್ತದೆ, ಎಲ್ಲ ಮನೆಮಕ್ಕಳ ಗುಣ ಹೇಳುವ ಹಾಗೆ ಹೇಳುತ್ತಿದ್ದ. ನರ್ಸರಿ ಶುರು ಮಾಡಿದ ಮೇಲೆ ಅವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದೇ ಅಂತೆ. ಬಾಣಲೆಗೆಂದೇ ಒಂದು ಇಡೀ ಪಾತಿ ಹುಲ್ಲು ಬೆಳೆಸಿಟ್ಟಿದ್ದ. ಕೇಳಿ ನನಗೆ ಸಂಕಟವಾಯಿತು, ಅವನ ಮೇಲೆ ಸಿಟ್ಟಾಗುವುದು ಇನ್ನಷ್ಟು ಕಷ್ಟವಾಯಿತು.

ಒಮ್ಮೆ ಅವನಿಗೂ ಆಡುವ ಹುಚ್ಚು ಹತ್ತಿತು. ಹೊಡೆಯುವ ಕೋಲನ್ನು, ನಾವು ಕ್ಲಬ್ ಎನ್ನುವುದನ್ನು, ಕೊಟ್ಟು ಹೇಳಿಕೊಟ್ಟೆ. ಪಾದಗಳನ್ನು ಮರಳಿಗೆ ತಿರುವಿ ಊರಬೇಕು. ಚೆಂಡನ್ನು ಹೊಡೆಯಲೇಬಾರದು, ಅದರ ಹಿಂದಿನ ಮರಳನ್ನು ಹೊಡೆಯಬೇಕು. ಮರಳೇ ಚೆಂಡನ್ನು ಎತ್ತಿಕೊಂಡು ಹೋಗುತ್ತದೆ. ಅವನು ತಲೆಯಾಡಿಸಿ, ಕ್ಲಬ್ ಎತ್ತಿ, ಶಕ್ತಿಯೆಲ್ಲ ಹಾಕಿ ಬೀಸಿದ. ಕ್ಲಬ್ ಗಟ್ಟಿ ಮರಳಿಗೆ ತಾಗಿ ಎಗರಿತು, ಚೆಂಡು ಇದ್ದಲ್ಲೇ ಇತ್ತು, ಅವನು ಮಣಿಕಟ್ಟು ಹಿಡಿದುಕೊಂಡು ಕುಣಿದ.

"ಎಲ್ಲಿ ನೋಡ್ತಿದ್ರಿ?" ಅಂದೆ. "ಚೆಂಡಿನ ಹಿಂದೆ ನೋಡಿ ಅಂದ್ನಲ್ಲ."

"ಚೆಂಡಿನ ಹಿಂದೆ ನೀವು ನಿಂತಿದ್ರಿ."

ನಾನು ಪಕ್ಕಕ್ಕೆ ಸರಿದೆ. ಅವನ ಕಣ್ಣು ನನ್ನ ಜೊತೆಗೇ ಸರಿಯಿತು. ಮರಳು ಇಷ್ಟು ಗಟ್ಟಿ ಇದ್ದರೆ ನಿಮ್ಮ ಕೈ ಏನಾಗಬೇಡ ಎಂದು ಅವನು ನಿಜಕ್ಕೂ ಮರುಗಿದ. ಗಟ್ಟಿ ಇರುವುದು ಮರಳಲ್ಲ, ನಿಮ್ಮ ಕೈ ಎಂದು ಛೇಡಿಸಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕ್ಲಬ್ಬಿನ ಮೇಲೆ ಸರಿಯಾಗಿ ಕೂರಿಸಿದೆ. ಕೂರಿಸಿದ ಮೇಲೂ ನನ್ನ ಕೈ ಅಲ್ಲೇ ಉಳಿಯಿತು.

ಪಂದ್ಯದ ಹಿಂದಿನ ಮಧ್ಯಾಹ್ನ ಬಾಣಲೆಯ ಅಂಚಿನಲ್ಲಿ ಕೂತಿದ್ದಾಗ ಕೇಳಿಯೇಬಿಟ್ಟೆ, ನಾನು ಗೆದ್ದರೆ ನಿಮ್ಮ ಹುಲ್ಲಿನ ಗತಿ ಏನು ಎಂದು.

"ಹುಲ್ಲು ಎಲ್ಲಿ ಹಾಕಿದ್ರೂ ಬೇರು ಬಿಡತ್ತೆ. ನನ್ನ ಚಿಂತೆ ಬೇರೆ." ಅವನು ಕೈಯಲ್ಲಿದ್ದ ಗರಿಕೆಯನ್ನು ಎಳೆ ಎಳೆಯಾಗಿ ಸೀಳುತ್ತಿದ್ದ. "ನೀವು ಗೆದ್ರೆ ನಾನು ಇಲ್ಲಿಗೆ ಬರೋಕೆ ಕಾರಣ ಇರಲ್ಲ. ಸೋತ್ರೆ ನೀವು ನನ್ನ ಮುಖ ನೋಡಲ್ಲ."

ಏನಾದರೂ ಹೇಳಬೇಕಿತ್ತು. ಸದಾ ಪಟಪಟ ಎನ್ನುವ ಬಾಯಿಗೆ ಆಗಲೇ ಬೀಗ ಬಿತ್ತು. ಅಷ್ಟರಲ್ಲಿ ಮೋಡ ಕವಿದು ದಪ್ಪ ಹನಿ ಬೀಳತೊಡಗಿತು, ಇಬ್ಬರೂ ಒಂದೊಂದು ದಿಕ್ಕಿಗೆ ಓಡಿದೆವು.

ಮಳೆ ಸಂಜೆಯವರೆಗೂ ಸುರಿಯಿತು. ಅದು ನನಗೆ ಒಳ್ಳೆಯದೇ ಆಗಿತ್ತು. ನೆನೆದ ಮರಳು ಬಿಗಿಯಾಗಿ ಕೂತು, ಚೆಂಡನ್ನು ತಟ್ಟೆಯ ಮೇಲಿಟ್ಟ ಹಾಗೆ ಎತ್ತಿ ಕೊಡುತ್ತದೆ. ಅಪ್ಪನಿಗೂ ಅದು ಗೊತ್ತು. ಬೆಳಗ್ಗೆ ಕುರ್ಚಿ ಸಮೇತ ಅವರನ್ನು ಕರೆದುಕೊಂಡು ಹೊರಟಾಗ ಅವರ ಮುಖ ಗೆಲುವಾಗಿತ್ತು. ಅತ್ತೆ ಒಳ್ಳೆಯ ಸೀರೆ ಉಟ್ಟಿದ್ದರು.

ಕೊನೆಯ ಗ್ರೀನಿನ ಸುತ್ತ ಸದಸ್ಯರು, ಅವರ ಮನೆಯವರು, ಅಡುಗೆಯವರು, ನಮ್ಮ ಕೆಲಸದವರೆಲ್ಲ ಸೇರಿದ್ದರು. ನರ್ಸರಿಯವನು ಗೋಡೆಯ ಅಂಚಿನಲ್ಲಿ ನಿಂತಿದ್ದ, ಮುಖದಲ್ಲಿ ಏನೋ ಗುಟ್ಟಿನ ಖುಷಿ. ಕ್ಯಾಪ್ಟನ್ ಬೆರಳ ತುದಿಯಲ್ಲಿ ಹಿಡಿದ ಚೆಂಡನ್ನು ಎಲ್ಲರಿಗೂ ತೋರಿಸಿ ಬಾಣಲೆಯ ನಡುವಿಗೆ ಎಸೆದರು.

ಚೆಂಡು ಪುಟಿಯಲಿಲ್ಲ, ಉರುಳಲಿಲ್ಲ. ಬಿದ್ದಲ್ಲೇ ಹೂತುಹೋಯಿತು. ಅದರ ನೆತ್ತಿಯಷ್ಟೇ ಕಾಣುತ್ತಿತ್ತು.

ಸುತ್ತಲಿನವರು ಒಟ್ಟಿಗೆ ನಿಟ್ಟುಸಿರಿಟ್ಟರು. ನಾನು ತಗ್ಗಿನ ಕಡೆಯಿಂದ ಇಳಿದು ಒಂದು ಹೆಜ್ಜೆಯಿಟ್ಟೆ. ಬೂಟು ಲೇಸಿನವರೆಗೆ ಮುಳುಗಿತು. ಮಳೆಯಲ್ಲಿ ಬಿಗಿದ ಮರಳು ಹೀಗಿರಲು ಸಾಧ್ಯವೇ ಇಲ್ಲ. ಯಾರೋ ಅಗೆದಿದ್ದಾರೆ. ನಾನು ಸೋಲಬೇಕೆಂದು ಅಗೆದಿದ್ದಾರೆ. ಯಾರಿಗೆ ಅದರಿಂದ ಲಾಭ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ತಲೆಯೆತ್ತಿ ಅವನನ್ನು ನೋಡಿದೆ. ನನ್ನ ಕಣ್ಣಲ್ಲಿ ಏನಿತ್ತೋ, ಅವನ ಖುಷಿ ಅಲ್ಲೇ ಆರಿತು. ಫ್ಲಾಸ್ಕಿನ ಚಹಾ, ಅಳೆದ ಗೋಡೆ, ಎಲ್ಲವೂ ನಾಟಕ ಎಂದುಕೊಂಡು ಎದೆ ಕಹಿಯಾಯಿತು.

ಆಗ ಗೋಡೆಯ ಬುಡದಲ್ಲಿ ಕಣ್ಣಿಗೆ ಬಿತ್ತು, ಆರಿಸಿಟ್ಟ ಕಲ್ಲುಚೂರಿನ ಗುಪ್ಪೆ. ಮರಳಿನ ಅಂಚಿಗೆ ಬೆರಳಲ್ಲಿ ತೀಡಿದ ಸಣ್ಣ ಬದು. ಒಂದು ಎಲೆ, ಒಂದು ಕಡ್ಡಿ ಇರಲಿಲ್ಲ. ಕೆಡಿಸಲು ಬಂದವನು ಕಲ್ಲು ಆರಿಸುತ್ತಾನೆಯೇ? ಇಷ್ಟು ಮುದ್ದಿನಿಂದ ಯಾರಾದರೂ ದ್ರೋಹ ಮಾಡುತ್ತಾರೆಯೇ? ಮಳೆಗೆ ಮರಳು ಗಟ್ಟಿಯಾಗಿದೆ, ಇವಳು ಮುಟ್ಟುವಂತಿಲ್ಲ, ಪಾಪ ಕೈ ನೋವಾದೀತು ಎಂದುಕೊಂಡು ಈ ಪುಣ್ಯಾತ್ಮ ನನಗಾಗಿ ಸಸಿಮಡಿ ಮಾಡಿಟ್ಟಿದ್ದ.

ಅಷ್ಟರಲ್ಲಿ ಅವನೇ ಮುಂದೆ ಬಂದ.

"ಸರ್, ಮರಳು ಸಡಿಲ ಮಾಡಿದ್ದು ನಾನು. ಬೆಳಗ್ಗೆ ಬಂದು ಅಗೆದೆ. ಮೆತ್ತಗಿದ್ರೆ ಇವರಿಗೆ ಸುಲಭ ಆಗತ್ತೆ ಅಂದ್ಕೊಂಡೆ. ತಪ್ಪಾಗಿದೆ ಅಂತ ಈಗ ಕಾಣ್ತಿದೆ."

ಕ್ಯಾಪ್ಟನ್ ಕನ್ನಡಕ ತೆಗೆದರು. ಅವರಿಗೆ ಅರ್ಥವಾಗಲಿಲ್ಲ. "ಇದು ಉಳಿದ್ರೆ ನಿಮ್ಮ ಕೆಲಸ ಹೋಗತ್ತಲ್ರೀ. ಸುಲಭ ಯಾಕೆ ಮಾಡಿದ್ರಿ?"

"ಇವರು ಗೆಲ್ಲಲಿ ಅಂತ."

ಅಪ್ಪನನ್ನು ನಡೆಸಿಕೊಂಡು ಗೋಡೆಯ ಅಂಚಿಗೆ ಬಂದಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರ ತೋಳಿಗೆ ತಿವಿದರು. ನನಗೆ ಅದೇ ಬಾಣಲೆಯ ತಳದಲ್ಲಿ ಕೂತು ಜೋರಾಗಿ ನಗಬೇಕು, ಅಳಬೇಕು, ಎರಡೂ ಮಾಡಬೇಕು ಅನ್ನಿಸಿತು.

ಕ್ಯಾಪ್ಟನ್ ನ್ಯಾಯದ ಮನುಷ್ಯ. ಮರಳನ್ನು ಒತ್ತಿಸಿ, ಇನ್ನೊಮ್ಮೆ ಚೆಂಡು ಎಸೆಯೋಣ ಎಂದರು. ಒಪ್ಪಿಕೊಳ್ಳುವುದೇ ಬುದ್ಧಿವಂತಿಕೆ. ಆದರೆ ಹಾಗೆ ಗೆದ್ದರೆ ನಾಳೆ ಯಾರಾದರೂ ಇಲ್ಲಿ ಹೂತ ಚೆಂಡಿನೊಡನೆ ಒದ್ದಾಡುವಾಗ ಮತ್ತೆ ಮುಚ್ಚುವ ಮಾತು ಬರುತ್ತದೆ. ಇನ್ನೊಂದು ಕಾರಣವೂ ಇತ್ತು. ಅವನು ಪ್ರೀತಿಯಿಂದ ಮಾಡಿಟ್ಟದ್ದನ್ನು ಇಷ್ಟು ಜನರೆದುರು ಕಾಲಲ್ಲಿ ತುಳಿಸಲು ನನಗೆ ಮನಸ್ಸಾಗಲಿಲ್ಲ.

"ಬೇಡ ಸರ್. ಇದ್ದ ಹಾಗೇ ಆಡ್ತೀನಿ."

ಅಪ್ಪನ ಕಡೆ ನೋಡಿದೆ. ಅವರು ಕೋಲನ್ನು ನೆಟ್ಟಗೆ ಮೇಲೆತ್ತಿ, ನೆಟ್ಟಗೆ ಕೆಳಗೆ ಕುಟ್ಟಿ, ಅಲ್ಲೇ ನಿಲ್ಲಿಸಿದರು. ಅಷ್ಟು ಸಾಕಾಗಿತ್ತು. ಪ್ರತಿ ವರ್ಷ ಹೊಸ ಮರಳು ತುಂಬಿಸಿದ ವಾರಗಳಲ್ಲಿ ಚೆಂಡು ಹೀಗೇ ಹೂತುಕೊಳ್ಳುತ್ತದೆ, ಆಗ ಆಡುವ ಬಗೆಯೇ ಬೇರೆ. ಮರಳಿನ ಮೇಲೆ ಜಾರಿಸುವಂತಿಲ್ಲ, ಅಗೆದು ತೆಗೆಯಬೇಕು. ಕ್ಲಬ್ಬಿನ ಅಂಚು ಕೊಡಲಿಯ ಹಾಗೆ ಇಳಿಯಬೇಕು, ಇಳಿದ ಮೇಲೆ ಮರಳಲ್ಲೇ ಉಳಿಯಬೇಕು.

ಪಾದ ತಿರುವಿ ಮಂಡಿಯ ತನಕ ಎಂಬಂತೆ ಊರಿದೆ. ಮೆತ್ತನೆಯ ಮರಳು ಕಾಲನ್ನು ಅಪ್ಪಿ ಹಿಡಿಯಿತು. ಚೆಂಡಿನ ಹಿಂದೆ ನೋಡಿದೆ. ಉಸಿರು ಬಿಟ್ಟು, ಕ್ಲಬ್ ನೆಟ್ಟಗೆ ಮೇಲೆತ್ತಿ, ಇದ್ದ ಬಲವನ್ನೆಲ್ಲ ಹಾಕಿ ಕೆಳಗಿಳಿಸಿದೆ.

ಥಪ್ ಎಂದು ಮರಳು ಸಿಡಿದು ಕಣ್ಣು, ಬಾಯಿ, ಕೂದಲು ಎಲ್ಲ ತುಂಬಿತು. ಚೆಂಡು ಇದ್ದ ಕಡೆ ಕುಳಿ ಮಾತ್ರ ಇತ್ತು. ಚೆಂಡು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾಗುವಂತಿರಲಿಲ್ಲ. ಬಾಣಲೆಯ ತಳದಲ್ಲಿ ನಿಂತವರಿಗೆ ಗೋಡೆ, ಅದರ ಅಂಚಿಗೆ ಬಂದವರು ಮತ್ತು ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಗೋಡೆಯ ಅಂಚಿನಲ್ಲಿ ನಿಂತವನ ಮುಖವನ್ನೇ ನೋಡಿದೆ. ಅವನ ಕಣ್ಣು ಏನನ್ನೋ ಹಿಂಬಾಲಿಸುತ್ತಿತ್ತು, ಮೆಲ್ಲಗೆ, ಇನ್ನೂ ಮೆಲ್ಲಗೆ. ಆಮೇಲೆ ನಿಂತಿತು.

"ಎಲ್ಲಿದೆ?" ಅಂದೆ.

ಅವನ ಬದಲು ಜನ ಹೇಳಿದರು. ಚಪ್ಪಾಳೆ, ಶಿಳ್ಳೆ, ಕೂಗು, ಎಲ್ಲ ಒಟ್ಟಿಗೆ ಗೋಡೆ ದಾಟಿ ನನ್ನ ಮೇಲೆ ಬಿತ್ತು. ಚೆಂಡು ಗ್ರೀನಿನ ಮೇಲೆ ಓಡುತ್ತಾ ಹೋಗಿ ಆಚೆ ಅಂಚಿಗೆ ಇನ್ನೇನು ಜಾರಬೇಕು ಎನ್ನುವಲ್ಲಿ ನಿಂತಿತ್ತಂತೆ. ಕ್ಯಾಪ್ಟನ್ ಅಂಚಿಗೆ ಬಂದು ಟೋಪಿ ತೆಗೆದು, ಬಾಣಲೆ ಇಲ್ಲೇ ಇರುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಅಪ್ಪನ ಕುರ್ಚಿಯ ಬಳಿ ಹೋಗಿ, ಇಂಥದ್ದನ್ನು ಹೇಗೆ ತೋಡಿದಿರಿ ಎಂದು ವಿಚಾರಿಸಿದರು. ಅಪ್ಪ ಶುರು ಮಾಡಿದರು. ಗುದ್ದಲಿ ಹಿಡಿದ ಮೊದಲ ದಿನದಿಂದ ಶುರು ಮಾಡಿದರು, ಸದಸ್ಯರೆಲ್ಲ ಸುತ್ತ ನಿಂತು ಕೇಳತೊಡಗಿದರು. ಅಷ್ಟು ಜೋರಾದ ಅಪ್ಪನ ದನಿಯನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ಕೆಳಗೆ ನಾನೊಬ್ಬಳೇ ಉಳಿದಿದ್ದೆ. ಕಾಲು ಇನ್ನೂ ಮರಳಲ್ಲಿ ಹೂತಿತ್ತು. ಅವನು ಬಾಣಲೆಯನ್ನು ಸುತ್ತು ಹಾಕಿ, ತಗ್ಗಿನ ಕಡೆಯಿಂದ ಇಳಿದು ನನ್ನೆದುರು ಬಂದು ನಿಂತ. ಅವನ ಕಣ್ಣು ತುಂಬಿತ್ತು.

"ನಿಮ್ಮನ್ನ ಸೋಲಿಸಿಬಿಡ್ತಿದ್ದೆ ನಾನು."

"ಗೆಲ್ಲಿಸೋಕೆ ಹೋಗಿ ಸೋಲಿಸ್ತಿದ್ರಿ. ನಾನು ಸೋಲಲಿಲ್ಲ," ಅಂದೆ. "ನಿಮ್ಮ ಕೆಲಸ ಮಾತ್ರ ಹೋಯ್ತು."

"ಹೋಗಲಿ. ಆ ಹುಲ್ಲು ಇನ್ಯಾರಿಗಾದ್ರೂ ಬೇಕಾಗತ್ತೆ." ಅವನು ಜೇಬಿನಿಂದ ಕರವಸ್ತ್ರ ತೆಗೆದು, ಕೊಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ತಾನೇ ನನ್ನ ರೆಪ್ಪೆಯ ಮೇಲಿನ ಮರಳನ್ನು ಒರೆಸಿದ. ಅಗೆಯುವ ಕೈ ಅಷ್ಟು ಹಗುರವಾಗಿರುತ್ತದೆಂದು ನಾನು ಎಣಿಸಿರಲಿಲ್ಲ. "ನಾಳೆಯಿಂದ ಇಲ್ಲಿಗೆ ಬರೋಕೆ ನನಗೆ ಒಂದು ಕಾರಣ ಬೇಕು. ನಿಮ್ಮನ್ನ ಬಿಟ್ಟು ನನಗೆ ಬೇರೆ ಕಾರಣ ಹೊಳೀತಿಲ್ಲ. ನನ್ನನ್ನ ಮದುವೆ ಆಗ್ತೀರಾ?"

ಹಿಂದಿನ ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಈಗ ಎಲ್ಲೂ ತಡೆಯಲಿಲ್ಲ. ಇವನು ನನಗೆ ಬೇಕು, ಬೇಕೇ ಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ಗೋಡೆಯಾಚೆ ಅಪ್ಪ, ಅತ್ತೆ, ಕ್ಯಾಪ್ಟನ್, ಇಡೀ ಕ್ಲಬ್ಬಿನವರಿದ್ದರು, ಅವರಲ್ಲಿ ಒಬ್ಬರಿಗೂ ನಾವು ಕಾಣುತ್ತಿರಲಿಲ್ಲ.

ಹೂಂ ಅಂದೆ. ಅವರೆಲ್ಲರಿಗೂ ಕೇಳುವಷ್ಟು ಜೋರಾಗಿಯೇ ಅಂದೆ.